ಕಿವಿ ಮೊದಲು, ಕಣ್ಣು ಆಮೇಲೆ

ಓದಿನ ರುಚಿ ಚಿಕ್ಕ ವಯಸ್ಸಿನಲ್ಲೇ ಹತ್ತಬೇಕು, ಆಗ ಹತ್ತದಿದ್ದರೆ ಮುಂದೆ ಹತ್ತುವುದಿಲ್ಲ ಎಂಬ ನಂಬಿಕೆ ನಮ್ಮ ಮನೆಗಳಲ್ಲಿ ಮಾತ್ರವಲ್ಲ, ಸರ್ಕಾರದ ಯೋಜನೆಗಳಲ್ಲೂ ಬೇರೂರಿತ್ತು. 1988ರಲ್ಲಿ ಶುರುವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನ ಮುಖ್ಯ ಗುರಿ 15ರಿಂದ 35 ವರ್ಷದವರು. ಅಜ್ಜ ಅಜ್ಜಿಯರು ಆ ಗುರಿಯ ಹೊರಗೇ ಉಳಿದರು.

ಈ ನಂಬಿಕೆ ಸುಳ್ಳೆಂದು ತೋರಿಸಿದವರು ಕಡಿಮೆಯೇನಿಲ್ಲ. ಕೇರಳದ ಕಾರ್ತ್ಯಾಯನಿ ಅಮ್ಮ 2018ರಲ್ಲಿ, ತಮ್ಮ 96ನೇ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು ನೂರಕ್ಕೆ 98 ಅಂಕ ಪಡೆದರು. ಕೀನ್ಯಾದ ಕಿಮಾನಿ ಮರುಗೆ 2004ರಲ್ಲಿ, 84ರ ವಯಸ್ಸಿನಲ್ಲಿ, ಪ್ರಾಥಮಿಕ ಶಾಲೆಗೆ ಸೇರಿದರು. ಪಾದ್ರಿಯ ಬಾಯಲ್ಲಿ ಕೇಳುತ್ತಾ ಬಂದಿದ್ದ ಬೈಬಲನ್ನು ತಾವೇ ಓದಬೇಕೆಂಬುದು ಅವರ ಹಂಬಲಗಳಲ್ಲೊಂದು.

ಕೇಳಿದ್ದನ್ನು ಸ್ವತಃ ಓದಬೇಕೆಂಬ ಇದೇ ಹಂಬಲ ಹತ್ತೊಂಬತ್ತನೇ ಶತಮಾನದ ಬಂಗಾಳದ ರಾಸಸುಂದರಿ ದೇವಿಯದೂ ಆಗಿತ್ತು. ಹನ್ನೆರಡರ ವಯಸ್ಸಿಗೇ ಮದುವೆಯಾಗಿ ಅಡುಗೆ, ಬಾಣಂತನ, ಮಕ್ಕಳ ಆರೈಕೆಯಲ್ಲೇ ಮುಳುಗಿದ್ದ ಆಕೆಗೆ ಚೈತನ್ಯ ಭಾಗವತವನ್ನು ಓದುವಾಸೆ. ಹೆಣ್ಣು ಓದುವುದೇ ಅಪಚಾರವೆನಿಸಿದ್ದ ಕಾಲವದು. ಮನೆಯಲ್ಲಿದ್ದ ಹಸ್ತಪ್ರತಿಯಿಂದ ಒಂದು ಹಾಳೆ ತೆಗೆದು ಅಡುಗೆಮನೆಯಲ್ಲಿ ಬಚ್ಚಿಟ್ಟರು. ಮಗ ಅಕ್ಷರ ತಿದ್ದಿದ್ದ ತಾಳೆಗರಿಯೊಂದನ್ನು ಪಕ್ಕದಲ್ಲಿಟ್ಟುಕೊಂಡು, ಎಳವೆಯಲ್ಲಿ ಹುಡುಗರ ಪಾಠ ಕೇಳಿದ ನೆನಪನ್ನೂ ಕೂಡಿಸಿ, ಒಂದೊಂದೇ ಅಕ್ಷರ ಹೊಂದಿಸುತ್ತಾ ಹೋದರು. ಬಂಗಾಳಿಯ ಮೊದಲ ಆತ್ಮಕಥೆಯೆಂದು ಹೆಸರಾದ ‘ಆಮಾರ್ ಜೀಬನ್’ ಬರೆದವರು ಇವರೇ.

ಇಲ್ಲೆಲ್ಲ ಪ್ರೀತಿ ಅಕ್ಷರಕ್ಕಿಂತ ಮುಂಚೆ ಹುಟ್ಟಿದೆ. ಕಿವಿಗೆ ಬಿದ್ದ ಕಥೆ ಮನಸ್ಸಿನಲ್ಲಿ ವರ್ಷಗಟ್ಟಲೆ ಉಳಿದು, ಅಕ್ಷರಕ್ಕಾಗಿ ಕಾದಿದೆ. ತಡವಾಗಿ ಓದಲು ಬಂದವರು ಬರಿಗೈಯಲ್ಲಿ ಬರುವುದಿಲ್ಲ. ಗಮಕಿಗಳ ಬಾಯಲ್ಲಿ ಕುಮಾರವ್ಯಾಸನನ್ನು ಕೇಳಿದ, ಇಡೀ ರಾತ್ರಿ ಯಕ್ಷಗಾನದ ಅರ್ಥಗಾರಿಕೆ ಸವಿದ ಕನ್ನಡದ ಹಿರಿಯರಿಗೆ ಪಾತ್ರವೆಂದರೇನು, ಮಾತಿನ ಬನಿಯೇನು ಎಂದು ಯಾರೂ ಹೇಳಿಕೊಡಬೇಕಿಲ್ಲ.

ದೇಹವೂ ಅಡ್ಡ ಬರುವುದಿಲ್ಲವೆಂಬುದಕ್ಕೆ ಆಧಾರವಿದೆ. ಲಖನೌ ಸುತ್ತಲಿನ ಹಳ್ಳಿಗಳ ಅನಕ್ಷರಸ್ಥ ವಯಸ್ಕರಿಗೆ ಆರು ತಿಂಗಳು ದೇವನಾಗರಿ ಓದಲು ಕಲಿಸಿ, ವಿಜ್ಞಾನಿಗಳು ಅವರ ಮಿದುಳನ್ನು ಸ್ಕ್ಯಾನ್ ಮಾಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಬದಲಾವಣೆ ಕಂಡದ್ದು ಮಿದುಳಿನ ಹೊರಪದರದಲ್ಲಷ್ಟೇ ಅಲ್ಲ, ಥಾಲಮಸ್ ಮತ್ತು ಮಿದುಳ ಕಾಂಡದಂಥ ಆಳದ ಭಾಗಗಳಲ್ಲೂ. ಅವರಲ್ಲಿ ಹೆಚ್ಚಿನವರು ಮೂವತ್ತರ ಆಸುಪಾಸಿನ ಹೆಂಗಸರು, ತೊಂಬತ್ತರ ಅಜ್ಜಿಯರಲ್ಲ, ನಿಜ. ಆದರೂ ಬಾಲ್ಯ ಮುಗಿದೊಡನೆ ಬಾಗಿಲು ಮುಚ್ಚುತ್ತದೆ ಎಂಬ ಮಾತು ನಿಲ್ಲುವುದಿಲ್ಲ.

ಅಕ್ಷರ ಬಲ್ಲವರಾಗಿಯೂ ನಿವೃತ್ತಿಯವರೆಗೆ ಕಥೆ ಕಾದಂಬರಿ ಮುಟ್ಟದವರದು ಬೇರೆ ಸಂಗತಿ. ಅವರ ಮಟ್ಟಿಗೆ ಪುಸ್ತಕವೆಂದರೆ ಪರೀಕ್ಷೆ, ಉರು ಹೊಡೆಯುವುದು, ನಪಾಸಿನ ಭಯ. ಅಂಕ ಕೊಡುವವರು ಯಾರೂ ಇಲ್ಲದ ಅರವತ್ತರಲ್ಲಿ ಅದೇ ವ್ಯಕ್ತಿ ‘ಕರ್ವಾಲೊ’ ಹಿಡಿದರೆ ಕೆಳಗಿಡದೆ ಓದಬಹುದು. ಚಿಕ್ಕಂದಿನಲ್ಲಿ ಅವರು ಕಳೆದುಕೊಂಡದ್ದು ಓದುವ ಶಕ್ತಿಯನ್ನಲ್ಲ, ತಮಗೆ ಬೇಕಾದ್ದನ್ನು ಆರಿಸಿಕೊಳ್ಳುವ ಹಕ್ಕನ್ನು.

ಹೀಗಿರುವಾಗ ಹಿರಿಯರಿಗೆ ನಾವು ಕೊಡುತ್ತಿರುವುದೇನು? ಹೊಸದಾಗಿ ಅಕ್ಷರ ಕಲಿತವರ ಕೈಗೆ ಹೆಚ್ಚಾಗಿ ಸಿಗುವುದು ಶೌಚಾಲಯ, ಉಳಿತಾಯ, ಲಸಿಕೆಗಳ ಕಿರುಹೊತ್ತಗೆ. ಉಪಯುಕ್ತ ಮಾಹಿತಿಯೇ, ಆದರೆ ಒಂದು ಪ್ರೇಮಕಥೆಯನ್ನೋ ಪತ್ತೇದಾರಿಯನ್ನೋ ಓದಬಯಸುವ ಮನುಷ್ಯನಿಗೆ ಅಷ್ಟು ಸಾಲದು. ಕರ್ನಾಟಕದಲ್ಲಿ ಐದು ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿವೆ. 2020ರಲ್ಲಿ ‘ಓದುವ ಬೆಳಕು’ ಅಭಿಯಾನ ಅಲ್ಲಿಗೆ ಮಕ್ಕಳನ್ನು ಕರೆತಂದದ್ದು ಒಳ್ಳೆಯ ಕೆಲಸ. ಅದೇ ಕೋಣೆಯಲ್ಲಿ ಹಿರಿಯರಿಗಾಗಿ ದಪ್ಪಕ್ಷರದ ಕಾದಂಬರಿಗಳ ಒಂದು ಕಪಾಟು, ಎರವಲು ತೊಡಲು ನಾಲ್ಕಾರು ಚಾಳೀಸು, ವಾರಕ್ಕೊಮ್ಮೆ ಮಧ್ಯಾಹ್ನ ಯಾರಾದರೂ ಗಟ್ಟಿಯಾಗಿ ಓದಿ ಹೇಳುವ ಏರ್ಪಾಡು ಬೇಕು. ಓದುವವರು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿ, ಪುಸ್ತಕವನ್ನು ಮನೆಗೆ ಕೊಟ್ಟು ಕಳಿಸಲಿ.