ಕಾಣದಿದ್ದರೆ ಇಲ್ಲವೆ?

ಜುಲೈ ತಿಂಗಳ ಮಳೆಯ ಜೊತೆಗೆ ಆಲೂರು ಸೀಮೆಯ ಮನೆಗಳಿಗೆ ಈಚೆಗೆ ಇನ್ನೊಂದು ಆತಂಕ ಸೇರಿಕೊಂಡಿದೆ. ಸಿಇಟಿ ಬರೆದ ಮಕ್ಕಳು ಯಾವ ಕಾಲೇಜು, ಯಾವ ಕೋರ್ಸು ಎಂಬುದನ್ನು ಆನ್‌ಲೈನಿನಲ್ಲೇ ಆರಿಸಿ, ಗಡುವಿನೊಳಗೆ ತುಂಬಿ ಮುಗಿಸಬೇಕು. ಕರೆಂಟು ಹೋಗುವುದು, ಬರುವುದು ನಡೆದೇ ಇರುತ್ತದೆ. ಅಂಥ ಹೊತ್ತಿನಲ್ಲಿ ಲ್ಯಾಪ್‌ಟಾಪ್ ತೆರೆದರೆ ಪರದೆಯ ಬಲಗಡೆ ಕೆಳಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ನಿನ್ನೆಯವರೆಗೂ ಇದ್ದ ವೈಫೈ ಐಕಾನ್ ಇಲ್ಲ. ಮನೆಯಲ್ಲಿ ಒಬ್ಬರು "ವೈಫೈ ಹೋಯ್ತು" ಅನ್ನುತ್ತಾರೆ, ಇನ್ನೊಬ್ಬರು "ಲ್ಯಾಪ್‌ಟಾಪೇ ಹೋಯ್ತು" ಅನ್ನುತ್ತಾರೆ. ಮಾರನೆಯ ಬೆಳಿಗ್ಗೆ ಅದನ್ನು ಚೀಲಕ್ಕೆ ಹಾಕಿಕೊಂಡು ಹಾಸನದ ಬಸ್ಸು ಹತ್ತುತ್ತಾರೆ. ಅಲ್ಲಿ ಪುರುಸೊತ್ತಿಲ್ಲದ ಅಂಗಡಿಯವರು ಹತ್ತಿರದ ದಾರಿ ಹಿಡಿದು ಫಾರ್ಮ್ಯಾಟ್ ಮಾಡಿ ಕೊಟ್ಟರೆ ಐಕಾನೇನೋ ಬರುತ್ತದೆ. ಎರಡು ವರ್ಷದ ನೋಟ್ಸು, ಪ್ರಮಾಣಪತ್ರಗಳ ಸ್ಕ್ಯಾನು, ಮನೆಯವರ ಫೋಟೋಗಳು ಹೋಗಿರುತ್ತವೆ.

ಈ ನಷ್ಟ ನನ್ನನ್ನು ಕಾಡುತ್ತದೆ. ಅನೇಕ ಸಲ ಅದು ಆಗಬೇಕಾದದ್ದೇ ಅಲ್ಲ. ಐಕಾನ್ ಕಾಣದಿರುವುದು ಒಂದು ಸಂಗತಿ, ಸಂಪರ್ಕ ಕಡಿದಿರುವುದು ಬೇರೊಂದು, ಒಳಗಿನ ವೈಫೈ ಕಾರ್ಡು ಕೆಟ್ಟಿರುವುದು ಮತ್ತೂ ಬೇರೆ. ಮೂರನ್ನೂ "ಹೋಯ್ತು" ಎಂಬ ಒಂದೇ ಮಾತಿನಲ್ಲಿ ಸುತ್ತಿಬಿಟ್ಟಾಗ ಯಾವುದು ಹೋಯಿತೆಂದು ಕೇಳುವವರೇ ಇರುವುದಿಲ್ಲ.

"ಇಲ್ಲ" ಎಂಬುದು ನಮಗೆ ಗೊತ್ತಾಗುವುದು ಹೇಗೆ ಎಂಬುದು ನಮ್ಮ ದರ್ಶನಕಾರರು ಶತಮಾನಗಟ್ಟಲೆ ವಾದಿಸಿದ ಪ್ರಶ್ನೆ. ನೆಲದ ಮೇಲೆ ಗಡಿಗೆ ಇಲ್ಲ. ಆ ತಿಳಿವಳಿಕೆ ಎಲ್ಲಿಂದ ಬಂತು? ಕಣ್ಣಿಂದಲೇ ಬಂತು ಎಂದರು ನೈಯಾಯಿಕರು. ಏಳನೆಯ ಶತಮಾನದ ಕುಮಾರಿಲ ಭಟ್ಟ ಒಪ್ಪಲಿಲ್ಲ. ಇಲ್ಲದ ವಸ್ತುವಿನೊಡನೆ ಕಣ್ಣು ಕೂಡುವುದಾದರೂ ಹೇಗೆ? ಆದ್ದರಿಂದ ಕಾಣದಿರುವುದೇ ಒಂದು ಪ್ರತ್ಯೇಕ ಪ್ರಮಾಣ, ಅಂದರೆ ತಿಳಿವಿನ ಬೇರೆಯೇ ದಾರಿ, ಎಂಬುದು ಅವನ ಪಂಥದ ಭಾಟ್ಟ ಮೀಮಾಂಸಕರ ನಿಲುವು. ಅದಕ್ಕೆ ಅನುಪಲಬ್ಧಿ ಎಂದು ಹೆಸರು. ಮೀಮಾಂಸೆಯ ಇನ್ನೊಂದು ಪಂಥದ ಪ್ರಾಭಾಕರರು ಇದನ್ನು ತಳ್ಳಿಹಾಕಿದರು, ಅದ್ವೈತಿಗಳು ಆರನೆಯ ಪ್ರಮಾಣವಾಗಿ ಉಳಿಸಿಕೊಂಡರು. 17ನೆಯ ಶತಮಾನದ ಧರ್ಮರಾಜಾಧ್ವರೀಂದ್ರರ 'ವೇದಾಂತ ಪರಿಭಾಷಾ' ಇದಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದೆ. ಆ ಚರ್ಚೆಯಲ್ಲಿ ನನಗೆ ಅಮೂಲ್ಯವೆನಿಸುವುದು ಅವರು ಹಾಕಿದ ಷರತ್ತು. ಕಾಣದಿದ್ದ ಮಾತ್ರಕ್ಕೆ ಇಲ್ಲವೆನ್ನುವಂತಿಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವ ಸ್ಥಿತಿಯಲ್ಲಿ ಕಾಣದಿದ್ದರೆ ಮಾತ್ರ ಇಲ್ಲ. ಒಳ್ಳೆಯ ಬೆಳಕಿರುವ ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದೇ ಅರ್ಥ. ಕತ್ತಲಲ್ಲಿ ಕಾಣದಿದ್ದರೆ ಏನನ್ನೂ ಹೇಳಲು ಬರುವುದಿಲ್ಲ. ಇನ್ನು ಸ್ವಭಾವತಃ ಕಣ್ಣಿಗೆ ಬೀಳದ ವಸ್ತುಗಳ ವಿಷಯದಲ್ಲಂತೂ ಈ ಪ್ರಮಾಣ ನಡೆಯುವುದೇ ಇಲ್ಲ.

ವೈಫೈ ಈ ಕೊನೆಯ ಜಾತಿಗೆ ಸೇರಿದ್ದು. 2.4 ಗಿಗಾಹರ್ಟ್ಸ್ ಅಲೆ ಸುಮಾರು ಹನ್ನೆರಡೂವರೆ ಸೆಂಟಿಮೀಟರ್ ಉದ್ದದ್ದು. ಗೋಡೆ ದಾಟಿ ಬರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿ ಇದಕ್ಕಿಂತಲೂ ಬಹಳ ಕಿರಿದಾದ ಅಲೆಗಳನ್ನು ಗೋಡೆಯಾಚೆ ಕಳಿಸಿದಾಗಲೂ ಅಲೆ ತಲುಪಿತೆಂದು ತಿಳಿಸಲು ಆಚೆ ಬದಿಯಲ್ಲಿ ಗಂಟೆ ಬಾರಿಸಬೇಕಾಯಿತು. ಕಾಣದ್ದಕ್ಕೆ ಒಂದು ಸಾಕ್ಷಿ ಬೇಕೇ ಬೇಕು. ವೈಫೈ ಮಾನದಂಡ ರೂಪುಗೊಂಡದ್ದು 1997ರಲ್ಲಿ, ಭಾರತದಲ್ಲಿ ಆ ಅಲೆಪಟ್ಟಿಗೆ ಲೈಸೆನ್ಸ್ ಬೇಡವೆಂದು ಸರ್ಕಾರ ಹೇಳಿದ್ದು 2005ರಲ್ಲಿ. ಅಲ್ಲಿಂದೀಚೆಗೆ ನಮ್ಮ ಮನೆಗಳಲ್ಲಿ ಆ ಸಾಕ್ಷಿಯ ಕೆಲಸ ಮಾಡುತ್ತಿರುವುದು ಬೀಸಣಿಗೆಯ ಆಕಾರದ ಈ ಪುಟ್ಟ ಚಿತ್ರ.

ಹಾಗಾದರೆ ಆ ಚಿತ್ರ ಕೂತಿರುವ ಮೂಲೆ ಬೆಳಕಿರುವ ನೆಲವೆ? ಅಲ್ಲ. ಗಡಿಯಾರದ ಪಕ್ಕದ ಆ ಜಾಗ ಬಂದದ್ದು 1995ರಲ್ಲಿ, ವಿಂಡೋಸ್ 95ರ ಜೊತೆಗೆ. ಕಂಡಕಂಡ ತಂತ್ರಾಂಶಗಳೆಲ್ಲ ತಮ್ಮ ಗುರುತನ್ನು ಅಲ್ಲೇ ತಂದಿಟ್ಟು ಜಾಗ ಕಿಕ್ಕಿರಿಯಿತು. ಎಕ್ಸ್‌ಪಿ ಕಾಲಕ್ಕೆ ಬಳಸದ ಐಕಾನ್‌ಗಳನ್ನು ಮರೆಮಾಡುವ ಏರ್ಪಾಡಾಯಿತು. 2009ರ ವಿಂಡೋಸ್ 7ರಲ್ಲಿ ಮೇಲ್ಮುಖದ ಪುಟ್ಟ ಬಾಣದ ಹಿಂದೆ ಅವಕ್ಕೊಂದು ಪ್ರತ್ಯೇಕ ಪೆಟ್ಟಿಗೆಯೇ ಬಂತು. 2021ರ ವಿಂಡೋಸ್ 11 ನೆಟ್‌ವರ್ಕ್, ಧ್ವನಿ, ಬ್ಯಾಟರಿ ಮೂರನ್ನೂ ಒಂದೇ ಗುಂಡಿಯೊಳಗೆ ಕೂಡಿಸಿತು. ಅಡಗಲು ಇಷ್ಟೆಲ್ಲ ಅವಕಾಶವಿರುವ ಜಾಗದಲ್ಲಿ ಕಾಣಲಿಲ್ಲವೆಂದ ಮಾತ್ರಕ್ಕೆ ಇಲ್ಲವೆಂದು ತೀರ್ಪು ಕೊಡಬಾರದು.

ಆದ್ದರಿಂದ ಮೊದಲು ಮಾಡಬೇಕಾದದ್ದು ಬ್ರೌಸರ್ ತೆರೆದು ಯಾವುದಾದರೊಂದು ಪುಟ ಬರುತ್ತದೆಯೇ ಎಂದು ನೋಡುವುದು. ಬಂದರೆ ಸಂಪರ್ಕ ಇದೆ, ಹೋಗಿರುವುದು ಚಿತ್ರ ಮಾತ್ರ. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂದು ಊಹಿಸಬಹುದು ಎನ್ನುವ ತರ್ಕಶಾಸ್ತ್ರವೇ ಹೊಗೆ ಕಾಣದಿದ್ದರೆ ಬೆಂಕಿಯಿಲ್ಲ ಎನ್ನುವಂತಿಲ್ಲ ಎಂದೂ ಎಚ್ಚರಿಸುತ್ತದೆ. ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಐಕಾನ್ ಇಲ್ಲದೆಯೂ ಪುಟ ತೆರೆಯುವ ಲ್ಯಾಪ್‌ಟಾಪ್ ಅಂಥದ್ದು.

ಚಿತ್ರ ಮಾತ್ರ ಹೋಗಿದ್ದರೆ ಅದನ್ನು ಮರಳಿ ತರುವುದು ಕಷ್ಟವಲ್ಲ. ಬಾಣದ ಗುರುತನ್ನು ಒತ್ತಿ ಒಳಗೆ ಅಡಗಿದೆಯೇ ನೋಡಬೇಕು, ಇದ್ದರೆ ಹಿಡಿದೆಳೆದು ಹೊರಗೆ ಬಿಟ್ಟರಾಯಿತು. ವಿಂಡೋಸ್ 10 ಆದರೆ ಸೆಟ್ಟಿಂಗ್ಸ್, ಅಲ್ಲಿ ಪರ್ಸನಲೈಸೇಷನ್, ಅದರೊಳಗೆ ಟಾಸ್ಕ್‌ಬಾರ್. ಸಿಸ್ಟಂ ಐಕಾನ್‌ಗಳನ್ನು ಆನ್, ಆಫ್ ಮಾಡುವ ಪಟ್ಟಿ ಅಲ್ಲಿದೆ. ನೆಟ್‌ವರ್ಕ್ ಎಂಬುದು ಆಫ್ ಆಗಿದ್ದರೆ ಆನ್ ಮಾಡಿದರೆ ಸಾಕು. ಆನ್ ಇದ್ದೂ ಕಾಣದಿದ್ದರೆ ಟಾಸ್ಕ್‌ಬಾರನ್ನು ಬರೆಯುವ ವಿಂಡೋಸ್ ಎಕ್ಸ್‌ಪ್ಲೋರರ್ ಮಂಕಾಗಿರಬಹುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರು ಕೀಲಿ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಅದನ್ನು ರೀಸ್ಟಾರ್ಟ್ ಮಾಡಿದರೆ ಪರದೆ ಒಂದು ಕ್ಷಣ ಖಾಲಿಯಾಗಿ ಎಲ್ಲವೂ ಹೊಸದಾಗಿ ಮೂಡುತ್ತದೆ.

ಪುಟ ತೆರೆಯದಿದ್ದರೆ, ವೈಫೈ ಚಿತ್ರದ ಬದಲು ಒಂದು ಗೋಳ ಕೂತಿದ್ದರೆ, ಒಳಗೆ ಇಳಿಯಬೇಕು. ಮೊದಲು ಏರೋಪ್ಲೇನ್ ಮೋಡ್. ಕೀಲಿಮಣೆಯ ಮೇಲುಸಾಲಿನಲ್ಲಿ ವಿಮಾನದ ಅಥವಾ ಗೋಪುರದ ಚಿತ್ರವಿರುವ ಕೀಲಿಗೆ ಕೈ ತಗುಲಿ ವೈಫೈ ಆಫ್ ಆಗಿರಬಹುದು. ಹಳೆಯ ಲ್ಯಾಪ್‌ಟಾಪುಗಳ ಅಂಚಿನಲ್ಲಿ ಅದಕ್ಕೊಂದು ಸ್ವಿಚ್ಚೇ ಇರುತ್ತಿತ್ತು. ಆಮೇಲೆ ಸರ್ವಿಸಸ್ ಪಟ್ಟಿಯಲ್ಲಿ ಡಬ್ಲ್ಯುಎಲ್‌ಎಎನ್ ಆಟೋಕಾನ್ಫಿಗ್ ಎಂಬುದು ಓಡುತ್ತಿದೆಯೇ ನೋಡಬೇಕು. ಸುತ್ತಲಿನ ವೈಫೈಗಳನ್ನು ಹುಡುಕುವುದು, ಜೋಡಿಸುವುದು ಅದರ ಕೆಲಸ. ಅದು ನಿಂತಿದ್ದರೆ ಕಾರ್ಡು ಚೆನ್ನಾಗಿದ್ದೂ ಪ್ರಯೋಜನವಿಲ್ಲ.

ನಿಜವಾದ ಉತ್ತರ ಸಿಗುವುದು ಡಿವೈಸ್ ಮ್ಯಾನೇಜರಿನಲ್ಲಿ. ನೆಟ್‌ವರ್ಕ್ ಅಡಾಪ್ಟರ್ಸ್ ಎಂಬ ಸಾಲು ಬಿಚ್ಚಿದರೆ ವೈಫೈ ಕಾರ್ಡಿನ ಹೆಸರಿರಬೇಕು. ಹೆಸರಿನ ಮೇಲೆ ಕೆಳಮುಖದ ಬಾಣವಿದ್ದರೆ ಯಾರೋ ಅದನ್ನು ನಿಲ್ಲಿಸಿಟ್ಟಿದ್ದಾರೆ, ಎನೇಬಲ್ ಮಾಡಿದರೆ ಮುಗಿಯಿತು. ಹಳದಿ ತ್ರಿಕೋನವಿದ್ದರೆ ಸಾಮಾನ್ಯವಾಗಿ ಕಾರ್ಡನ್ನು ನಡೆಸುವ ತಂತ್ರಾಂಶ, ಅಂದರೆ ಡ್ರೈವರ್, ಕೆಟ್ಟಿದೆ ಎಂದರ್ಥ. ಅಪ್‌ಡೇಟ್ ನಡೆಯುವಾಗಲೇ ಬ್ಯಾಟರಿ ತೀರಿ ಯಂತ್ರ ಆರಿಹೋದರೆ ಹೀಗಾಗಬಹುದು, ಮಳೆಗಾಲದಲ್ಲಿ ನಮ್ಮ ಕಡೆ ಇದು ಅಪರೂಪವೂ ಅಲ್ಲ. ಆ ಸಾಧನವನ್ನು ಅನ್‌ಇನ್‌ಸ್ಟಾಲ್ ಮಾಡಿ ಯಂತ್ರವನ್ನು ರೀಸ್ಟಾರ್ಟ್ ಮಾಡಿದರೆ ವಿಂಡೋಸ್ ಅದನ್ನು ಮತ್ತೆ ಗುರುತಿಸಿ ಡ್ರೈವರ್ ಹಾಕಿಕೊಳ್ಳುವುದುಂಟು. ರೀಸ್ಟಾರ್ಟ್ ಎಂದೇ ಹೇಳಿದ್ದೇನೆ, ಆಫ್ ಮಾಡಿ ಆನ್ ಮಾಡುವುದಲ್ಲ. ವಿಂಡೋಸ್ 8ರಿಂದ ಬಂದಿರುವ ಫಾಸ್ಟ್ ಸ್ಟಾರ್ಟಪ್ ಏರ್ಪಾಡಿನಲ್ಲಿ ಶಟ್‌ಡೌನ್ ಮಾಡಿದರೂ ವ್ಯವಸ್ಥೆಯ ಒಳತಿರುಳು ಡಿಸ್ಕಿನಲ್ಲಿ ಉಳಿದು, ಮಾರನೆಯ ದಿನ ಅದೇ ಸ್ಥಿತಿಯಲ್ಲಿ ಮೇಲೇಳುತ್ತದೆ, ಹಳೆಯ ತೊಡಕಿನ ಸಮೇತ. ರೀಸ್ಟಾರ್ಟ್ ಮಾಡಿದಾಗ ಮಾತ್ರ ಎಲ್ಲ ಮೊದಲಿನಿಂದ ಶುರು. "ನಾಲ್ಕು ಸಲ ಆಫ್ ಮಾಡಿ ನೋಡಿದೆ, ಆಗಲಿಲ್ಲ" ಎನ್ನುವ ಮಕ್ಕಳಿಗೆ ಯಾರೂ ಈ ವ್ಯತ್ಯಾಸ ಹೇಳಿಕೊಟ್ಟಿರುವುದಿಲ್ಲ.

ಡ್ರೈವರ್ ಇಳಿಸಿಕೊಳ್ಳಲು ಇಂಟರ್‌ನೆಟ್ ಬೇಕು, ಇಂಟರ್‌ನೆಟ್ ಬರಲು ಡ್ರೈವರ್ ಬೇಕು. ಈ ಗಂಟನ್ನು ಬಿಚ್ಚುವ ಸಾಧನ ಈಗ ಪ್ರತಿ ಮನೆಯಲ್ಲೂ ಇದೆ. ಮೊಬೈಲನ್ನು ಚಾರ್ಜರ್ ಕೇಬಲ್ಲಿನಲ್ಲಿ ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿದರೆ ವೈಫೈ ಇಲ್ಲದೆಯೂ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ ಹರಿಯುತ್ತದೆ. ಗಡುವಿನ ದಿನವಾದರೆ ಡ್ರೈವರ್ ಗೊಡವೆ ಬಿಟ್ಟು ಮೊದಲು ಕಾಲೇಜು ಆಯ್ಕೆ ಮುಗಿಸಲಿಕ್ಕೂ ಇದೇ ದಾರಿ.

ಕಾರ್ಡಿನ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ? ಆಗಲೂ ಒಂದು ಪ್ರಯತ್ನ ಉಳಿದಿದೆ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಒಳಗೆ ಉಳಿದಿದ್ದ ವಿದ್ಯುತ್ತು ಇಳಿದು, ಮರವೆಗೆ ಬಿದ್ದಿದ್ದ ಕಾರ್ಡು ಎಚ್ಚೆತ್ತುಕೊಳ್ಳುವುದುಂಟು. ಅದಕ್ಕೂ ಜಗ್ಗದಿದ್ದರೆ ಕೆಳಮುಚ್ಚಳ ಬಿಚ್ಚಬೇಕಾಗುತ್ತದೆ, ಆಗ ಹಾಸನಕ್ಕೆ ಹೋಗುವುದು ಸರಿ. ಈಗಿನ ಬಹಳಷ್ಟು ಲ್ಯಾಪ್‌ಟಾಪುಗಳಲ್ಲಿ ವೈಫೈ ಕಾರ್ಡು 22 ಮಿಲಿಮೀಟರ್ ಅಗಲ, 30 ಮಿಲಿಮೀಟರ್ ಉದ್ದದ ಒಂದು ಬಿಲ್ಲೆ, ಒಂದೇ ಸ್ಕ್ರೂ. ಅದಕ್ಕೆ ಜೋಡಿಸಿದ ಎರಡು ಸಣ್ಣ ವೈರುಗಳು ಕೀಲಿನ ಮೂಲಕ ಹಾದು ಪರದೆಯ ಚೌಕಟ್ಟಿನೊಳಗಿನ ಆಂಟೆನಾ ಸೇರುತ್ತವೆ. ವೈರು ಕಳಚಿದ್ದರೆ ಐಕಾನ್ ಇರುತ್ತದೆ, ಸಿಗ್ನಲ್ ಸೊರಗಿರುತ್ತದೆ. ಕಾರ್ಡೇ ಸಡಿಲವಾಗಿದ್ದರೆ, ಅದರ ಹಲ್ಲುಗಳಿಗೆ ತೇವ ಹಿಡಿದು ಕಿಲುಬು ಬಂದಿದ್ದರೆ, ಐಕಾನ್ ಮಾಯವಾಗುತ್ತದೆ. ತಿಂಗಳುಗಟ್ಟಲೆ ಬಟ್ಟೆ ಒಣಗದ ಊರಿನಲ್ಲಿ ಈ ಎರಡನೆಯದನ್ನು ತಪ್ಪದೆ ನೋಡಬೇಕು. ಇಲ್ಲಿ ಎಲ್ಲಿಯೂ ಫಾರ್ಮ್ಯಾಟ್ ಎಂಬ ಮಾತೇ ಬಂದಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ತಿರುಗುಮುರುಗಾಗುವ ಸಂದರ್ಭವೂ ಇದೆ. ಐಕಾನ್ ತುಂಬಿಕೊಂಡು ನಿಂತಿದೆ, ಪುಟ ತೆರೆಯುತ್ತಿಲ್ಲ. ಆ ಕಮಾನುಗಳು ಹೇಳುವುದು ಲ್ಯಾಪ್‌ಟಾಪಿಗೂ ಗೋಡೆಯ ಮೇಲಿನ ರೂಟರಿಗೂ ನಡುವಿನ ಮಾತನ್ನು ಮಾತ್ರ. ಪಾಳ್ಯದ ಆಚೆ ಮರ ಬಿದ್ದು ಕೇಬಲ್ ಹರಿದಿದ್ದರೆ ಆ ಕಮಾನುಗಳಿಗೆ ಗೊತ್ತಾಗುವುದಿಲ್ಲ. ದೂರದ ಬೆಟ್ಟದ ಮೇಲೆ ಕಾಣುವುದು ಹೊಗೆಯೋ ಮಂಜೋ ಎಂಬ ಸಂಶಯ ಉಳಿದಿರುವಾಗ ಬೆಂಕಿಯನ್ನು ಊಹಿಸಬಾರದು ಎಂದ ಬೌದ್ಧ ತಾರ್ಕಿಕ ಧರ್ಮಕೀರ್ತಿ. ಬಿಸಿಲೆಯತ್ತ ಮಳೆ ಬಿಟ್ಟ ಬೆಳಿಗ್ಗೆ ಕಾಡಿನಿಂದ ಏಳುವ ಆವಿಯನ್ನು ನೋಡಿದವರಿಗೆ ಈ ಸಂಶಯ ಪುಸ್ತಕದ್ದಲ್ಲ ಎಂದು ಗೊತ್ತು. ವಿಂಡೋಸ್ ಕೂಡ ಇದನ್ನು ಬಲ್ಲದು. ವಿಸ್ಟಾ ಕಾಲದಿಂದ ಅದು ಸಂಪರ್ಕ ಸಿಕ್ಕ ಕೂಡಲೇ ಮೈಕ್ರೋಸಾಫ್ಟಿನ ಸರ್ವರಿನಿಂದ ಒಂದು ಸಣ್ಣ ಪಠ್ಯವನ್ನು ತರಿಸಿಕೊಂಡು, ನಿರೀಕ್ಷಿಸಿದ ಪದಗಳೇ ಬಂದರೆ ಮಾತ್ರ ಇಂಟರ್‌ನೆಟ್ ಇದೆ ಎಂದು ತೋರಿಸುತ್ತದೆ. ಅದೂ ಊಹೆಯೇ. 2020ರಲ್ಲಿ ವಿಂಡೋಸ್ 10ರ ಒಂದು ದೋಷದಿಂದ ಇಂಟರ್‌ನೆಟ್ ನಡೆಯುತ್ತಿದ್ದರೂ ಐಕಾನ್ ಇಲ್ಲವೆನ್ನುತ್ತಿತ್ತು. ಆ ಐಕಾನಿನ ಮಾತನ್ನೇ ನಂಬಿ ಕೆಲವು ಆ್ಯಪ್‌ಗಳೂ ಕೆಲಸ ನಿಲ್ಲಿಸಿದ್ದವು.

ಗುರುತಿಗೂ ವಸ್ತುವಿಗೂ ನಡುವಿನ ಈ ಅಂತರವನ್ನು ಆಲೂರಿನ ಜನಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಕಾಡಾನೆಗಳು ಓಡಾಡುವ ಇಲ್ಲಿ ಅದು ಪ್ರಾಣದ ಪ್ರಶ್ನೆ. ಪ್ರೊ. ರಾಮನ್ ಸುಕುಮಾರ್ ನೇತೃತ್ವದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ಆಲೂರು–ಸಕಲೇಶಪುರ ಭಾಗದ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಶಿಫಾರಸು ಮಾಡಿತು. ಆಮೇಲೆ 22 ಆನೆಗಳನ್ನು ಹಿಡಿದೂ ಆಯಿತು. ಆನೆಗಳು ಬರುವುದು ನಿಲ್ಲಲಿಲ್ಲ. ಈಗ ಕೆಲವು ಹಿಂಡುಗಳ ಒಂದೊಂದು ಹೆಣ್ಣಾನೆಗೆ ರೇಡಿಯೊ ಕಾಲರ್ ತೊಡಿಸಿ, ಹಿಂಡು ಎಲ್ಲಿದೆಯೆಂದು ಅರಣ್ಯ ಇಲಾಖೆ ಮೊಬೈಲಿಗೆ ಸಂದೇಶ ಕಳಿಸುತ್ತದೆ. ಅದು ದೊಡ್ಡ ಉಪಕಾರ. ಆದರೆ ಸಂದೇಶ ಬರಲಿಲ್ಲವೆಂದು ತೋಟದ ಕೆಲಸದವರು ನಿಶ್ಚಿಂತೆಯಿಂದ ಕಾಫಿ ಗಿಡಗಳ ನಡುವೆ ನುಗ್ಗುವುದಿಲ್ಲ. ಟವರಿನ ಬ್ಯಾಟರಿ ತೀರಿರಬಹುದು. ಕಾಲರ್ ಇಲ್ಲದ ಒಂಟಿ ಸಲಗ ಬಂದಿರಬಹುದು. ಅವರು ಹೆಜ್ಜೆ ನೋಡುತ್ತಾರೆ, ಲದ್ದಿ ನೋಡುತ್ತಾರೆ, ಮುರಿದ ಬೈನೆ ಮರ ನೋಡುತ್ತಾರೆ. ಕಾಣಬಹುದಾದ ಸ್ಥಿತಿಯಲ್ಲಿ ಕಾಣದಿದ್ದಾಗ ಮಾತ್ರ ಇಲ್ಲವೆನ್ನುವ ಕುಮಾರಿಲನ ಕಟ್ಟುನಿಟ್ಟು ಇಲ್ಲಿ ದಿನದ ನಡೆಯಾಗಿದೆ. ಅದೇ ಎಚ್ಚರ ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಬರುವ ಹೊತ್ತಿಗೆ ಏಕೆ ಕೈಬಿಡುತ್ತದೆ? ಇದು ನಮ್ಮದಲ್ಲ, ಬಲ್ಲವರದು ಎಂಬ ಅಳುಕು ಕಾರಣವೆಂದು ನನಗನ್ನಿಸುತ್ತದೆ. ಆ ಅಳುಕನ್ನು ಬಿಡಿಸುವುದು ಕಷ್ಟದ ಕೆಲಸವಲ್ಲ.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಹಲವು ಕಡೆ ಕಂಪ್ಯೂಟರುಗಳೂ ಬಂದಿವೆ. ಕುಂದೂರು, ಮಗ್ಗೆ, ಕೆಂಚಮ್ಮನ ಹೊಸಕೋಟೆಯಂಥ ಊರುಗಳ ಕೇಂದ್ರಗಳಲ್ಲಿ ಸುತ್ತಿನ ಮಕ್ಕಳ ಬಳಿಯಿರುವ ಲ್ಯಾಪ್‌ಟಾಪ್ ಮಾದರಿಗಳ ವೈಫೈ ಡ್ರೈವರುಗಳನ್ನು ಒಂದು ಪೆನ್‌ಡ್ರೈವಿನಲ್ಲಿ ಇಳಿಸಿಡಬಹುದು. ಒಂದು ಯುಎಸ್‌ಬಿ ವೈಫೈ ಅಡಾಪ್ಟರನ್ನೂ ಇಟ್ಟಿರಬೇಕು, ಒಳಗಿನ ಕಾರ್ಡು ನಿಜವಾಗಿಯೇ ಸತ್ತಿದ್ದರೆ ಅದನ್ನು ಸಿಕ್ಕಿಸಿ ಆ ದಿನದ ಅರ್ಜಿ ಮುಗಿಸಲು. ಮೇಲೆ ಹೇಳಿದ ಪರೀಕ್ಷೆಗಳನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಗೋಡೆಗೆ ಅಂಟಿಸಲಿ, ಪದವಿ ಓದುವ ಇಬ್ಬರು ಮಕ್ಕಳಿಗೆ ಅದನ್ನು ಮಾಡಿ ತೋರಿಸಿ ಕಲಿಸಲಿ. ತಾಲ್ಲೂಕು ಪಂಚಾಯಿತಿ ಮನಸ್ಸು ಮಾಡಿದರೆ ಮುಂದಿನ ಕಾಲೇಜು ಆಯ್ಕೆ (ಆಪ್ಷನ್ ಎಂಟ್ರಿ) ಶುರುವಾಗುವ ಮೊದಲೇ ಇದಿಷ್ಟೂ ಆಗುವಂಥದ್ದು.