ಲೂಪ್‌ಹೋಲ್ ಎಂಬ ಕಿಂಡಿ

ಪುಣೆಯ ಶನಿವಾರವಾಡದ ಗೋಡೆಯನ್ನು ಹೊರಗಿನಿಂದ ನೋಡಿದವರಿಗೆ ಅಲ್ಲಲ್ಲಿ ಸಣ್ಣ ಕಿಂಡಿಗಳು ಕಾಣುತ್ತವೆ. ಮರಾಠಿಯಲ್ಲಿ ಅವು 'ಜಂಗ್ಯಾ'. ಒಳಗಿದ್ದವನು ಮರೆಯಲ್ಲಿ ನಿಂತು ಬಂದೂಕು ಹಾರಿಸಲಿಕ್ಕೆ ಮಾಡಿದ್ದು. ಇಂಗ್ಲಿಷಿನ 'ಲೂಪ್‌ಹೋಲ್' ಪದಕ್ಕೂ ಮೊದಲಿಗೆ ಇದ್ದ ಅರ್ಥ ಇಷ್ಟೇ, ಕೋಟೆಗೋಡೆಯ ಕಿಂಡಿ. ಇಲ್ಲಿನ ಲೂಪ್ ಹಗ್ಗದ ಕುಣಿಕೆಯಲ್ಲ. ಮಧ್ಯಕಾಲದ ಇಂಗ್ಲಿಷಿನಲ್ಲಿ ಲೂಪ್ ಎಂದರೇ ಗೋಡೆಯ ಕಿಂಡಿ. ಅದರ ಮೇಲೆ ಇನ್ನೊಂದು ಹೋಲ್ ಬೇರೆ ಸೇರಿಸಿದರು, ನಾವು 'ನಡುಮಧ್ಯೆ' ಅನ್ನುವ ಹಾಗೆ!

17ನೇ ಶತಮಾನದ ಹೊತ್ತಿಗೆ ನುಸುಳಿ ಪಾರಾಗುವ ದಾರಿ ಎಂಬ ಅರ್ಥವೂ ಬಂತು. ಕಾವಲಿನವನ ಕಿಂಡಿ ತಪ್ಪಿಸಿಕೊಳ್ಳುವವನದಾಯಿತು. ಮರಾಠಿಯವರು ಎರಡನ್ನೂ ಬೆರೆಸಿಲ್ಲ. ಕಾನೂನಿನದಕ್ಕೆ 'ಪಳವಾಟ', ಓಡಿಹೋಗುವ ದಾರಿ. ನಮ್ಮ ಪತ್ರಿಕೆಗಳ 'ಕಾನೂನಿನ ಲೋಪ' ನನಗೆ ಸಪ್ಪೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರ ಭಾಷೆಗೆ 'ನುಸುಳುಗಂಡಿ' ಸಾಲದೇ?

ಬಳಸುವಾಗ ಒಂದು ಎಚ್ಚರ ಬೇಕು. ಕಾನೂನು ಮುರಿದರೆ ಅದು ಲೂಪ್‌ಹೋಲ್ ಅಲ್ಲ. ನಗದಿನಲ್ಲಿ ಬಾಡಿಗೆ ಪಡೆದು ತೆರಿಗೆಯವರಿಂದ ಮುಚ್ಚಿಡುವುದು ಶುದ್ಧ ವಂಚನೆ. ಕಾಯ್ದೆಯ ಅಕ್ಷರಕ್ಕೆ ಬದ್ಧನಾಗಿದ್ದು ಅದರ ಉದ್ದೇಶಕ್ಕೆ ಚಳ್ಳೆಹಣ್ಣು ತಿನ್ನಿಸಿದರೆ ಲೂಪ್‌ಹೋಲ್. ನಮಗೆಲ್ಲ ಗೊತ್ತಿರುವ ಉದಾಹರಣೆ 11 ತಿಂಗಳ ಬಾಡಿಗೆ ಕರಾರು. 1908ರ ನೋಂದಣಿ ಕಾಯ್ದೆ ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ ಎಂದಿತು. ಜನ ಒಂದು ತಿಂಗಳು ಕಡಿಮೆ ಮಾಡಿಕೊಂಡರು.

ಮೊನ್ನೆ ಬೆಂಗಳೂರಿನಿಂದ ವರ್ಗವಾಗಿ ಬಂದ ಹುಡುಗನೊಬ್ಬ ಇದೇ ಧೈರ್ಯದಲ್ಲಿ ಎರಡು ತಿಂಗಳ ಸಂಬಳವನ್ನು ಡಿಪಾಸಿಟ್ ಕೊಡಲು ಹೊರಟಿದ್ದ. "ಸರ್, ಓನರ್ ಬರೀ ಸ್ಟ್ಯಾಂಪ್ ಪೇಪರ್ ಸಾಕು ಅಂತಾರೆ. ಹನ್ನೊಂದೇ ತಿಂಗಳಲ್ವಾ?"

"ಇಲ್ಲಿ ಸಾಲದು ಕಣಪ್ಪಾ" ಎಂದೆ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಂ ಆ ಕಿಂಡಿಗೆ ಇಟ್ಟಿಗೆ ಇಟ್ಟು ಮುಚ್ಚಿದೆ. ಅವಧಿ ಎಷ್ಟೇ ಇರಲಿ, ಲೀವ್ ಅಂಡ್ ಲೈಸೆನ್ಸ್ ಕರಾರು ಬರಹದಲ್ಲಿರಬೇಕು, ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮಾಲೀಕರದು. ತಪ್ಪಿದರೆ 3 ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ನೋಂದಣಿಯಿಲ್ಲದೆ ಜಗಳ ಬಿದ್ದರೆ, ಬೇರೆ ರೀತಿ ಸಾಬೀತಾಗುವ ತನಕ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ. ಈ ಕೊನೆಯ ಮಾತನ್ನು ಓನರಿಗೆ ನಿಧಾನವಾಗಿ ಓದಿ ಹೇಳು ಎಂದೆ.

ಮರುದಿನವೇ ಏಜೆಂಟ್ ಅವನ ಆಧಾರ್ ಕಾರ್ಡು ಕೇಳಿಕೊಂಡು ಬಂದನಂತೆ.