ಕಾರಣ ಕಾಣದ ಏದುಸಿರು

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯ ಹೆಸರು ನಾಡಿನ ಪತ್ರಿಕೆಗಳಲ್ಲೆಲ್ಲ ದುಃಖದ ಕಾರಣಕ್ಕಾಗಿ ಕಾಣಿಸಿಕೊಂಡುದನ್ನು ವಾಚಕರು ಮರೆತಿರಲಾರರು. ನಿನ್ನೆಯವರೆಗೆ ಓಡಾಡಿಕೊಂಡಿದ್ದ ಹರೆಯದವರು ಹೃದಯಾಘಾತದಿಂದ ತೀರಿಕೊಂಡರೆಂಬ ವಾರ್ತೆ ಒಂದರ ಹಿಂದೊಂದು ಬರತೊಡಗಿತು. ಜುಲೈ ತಿಂಗಳ ಹೊತ್ತಿಗೆ ವಾರ್ತೆ ಭಯವಾಗಿ ಮಾರ್ಪಟ್ಟಿತ್ತು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಬೆಳಗಾಗುವ ಮುನ್ನವೇ ಜನರ ಸಾಲು ಬೆಳೆಯಿತು. ಯಾವ ಬೇನೆಯೂ ಇಲ್ಲದವರು ಸಹ ಒಮ್ಮೆ ಎದೆಯನ್ನು ತೋರಿಸಿಕೊಂಡು ಬರೋಣವೆಂದು ಹೊರಟರು. ಗಾಬರಿ ಬೇಡವೆಂದು ವೈದ್ಯರೇ ಕೇಳಿಕೊಳ್ಳಬೇಕಾಯಿತು. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡಾಗಲೂ ಬೆಂಗಳೂರು ಇಂಥದೇ ಸಾಲುಗಳನ್ನು ಕಂಡಿತ್ತು.

ನಾನು ಹಾಸನ ಜಿಲ್ಲೆಯವನು. ಬಹುಕಾಲ ಕಾಲೇಜಿನಲ್ಲಿ ಪಾಠ ಹೇಳಿ ಈಗ ವಿಶ್ರಾಂತನಾಗಿರುವವನು. ವೈದ್ಯಶಾಸ್ತ್ರದಲ್ಲಿ ನನಗೆ ಯಾವ ಅಧಿಕಾರವೂ ಇಲ್ಲ. ಆದರೆ ಆ ಭಯದ ದಿನಗಳಲ್ಲಿ ನಮ್ಮ ಮನೆಯಲ್ಲಿಯೇ ನಡೆದ ಒಂದು ಪ್ರಸಂಗವು, ಸತ್ತವರ ಸಂಖ್ಯೆಯನ್ನು ಎಣಿಸುತ್ತಿದ್ದ ನಾವು ಬದುಕಿರುವವರ ಮಾತನ್ನು ಕೇಳಲಿಲ್ಲವೆಂಬುದನ್ನು ನನಗೆ ಮನಗಾಣಿಸಿತು. ಆ ಕಾರಣದಿಂದ ಈ ಬರಹ.

ನನ್ನ ತಂಗಿಯ ಮಗಳು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದಳು. ವಯಸ್ಸು ಇಪ್ಪತ್ತೆರಡು. ಆ ವರ್ಷ ಯುಗಾದಿಗೆ ಊರಿಗೆ ಬಂದಿದ್ದಾಗ, “ಮಾವ, ಹಾಸ್ಟೆಲಿನ ಮೆಟ್ಟಿಲು ಹತ್ತಿದರೆ ಎದೆ ಡವಡವ ಅನ್ನುತ್ತೆ, ಉಸಿರೇ ಸಾಲದು” ಎಂದಳು. “ಪರೀಕ್ಷೆ ಹತ್ತಿರ ಬಂತಲ್ಲಮ್ಮ, ಅದಕ್ಕೇ” ಎಂದು ನಾನು ಪತ್ರಿಕೆಯ ಪುಟ ತಿರುಗಿಸಿದೆ. ಅವಳು ಮತ್ತೆ ಆ ಮಾತೆತ್ತಲಿಲ್ಲ. ಮೂರು ತಿಂಗಳ ತರುವಾಯ, ಜಿಲ್ಲೆಯ ಸಾವುಗಳ ಸುದ್ದಿ ಮನೆಮನೆಗೂ ಮುಟ್ಟಿದಾಗ, ಅದೇ ಮಾತು ನಮ್ಮೆಲ್ಲರ ನಿದ್ದೆಗೆಡಿಸಿತು. “ಅಣ್ಣಾ, ಇವತ್ತೇ ಕರಕೊಂಡು ಹೋಗು” ಎಂದು ತಂಗಿ ಅತ್ತಳು. ಹುಡುಗಿಯ ಏದುಸಿರು ಯುಗಾದಿಯಲ್ಲಿ ಇದ್ದಂತೆಯೇ ಇತ್ತು. ಬದಲಾದದ್ದು ನಮ್ಮ ಕಿವಿ.

ದೊಡ್ಡ ಆಸ್ಪತ್ರೆಯೊಂದರಲ್ಲಿ ಅರ್ಧ ದಿನ ಕಾದೆವು. ಇ.ಸಿ.ಜಿ. ಆಯಿತು, ಬಡಿತ ತುಸು ವೇಗ, ಉಳಿದಂತೆ ಸರಿ. ಎಕೋ ಪರೀಕ್ಷೆಯೂ ಆಯಿತು. ಕವಾಟಗಳು ಸರಿ, ಸ್ನಾಯು ಸರಿ. “ಏನೂ ಇಲ್ಲ, ಮನಸ್ಸಿನದು. ಮೊಬೈಲು ನೋಡುವುದನ್ನು ಕಡಮೆ ಮಾಡಲಿ” ಎಂದರು ವೈದ್ಯರು. ಅವರನ್ನು ನಾನು ದೂರಲಾರೆ. ಬಾಗಿಲ ಹೊರಗೆ ಇನ್ನೂ ನೂರಾರು ಮಂದಿ ನಿಂತಿದ್ದರು. ಆ ನೂಕುನುಗ್ಗಲನ್ನು ತಂದವರಲ್ಲಿ ನಾವೂ ಇದ್ದೆವು. ಹಿಂತಿರುಗುವಾಗ ಬಸ್ಸಿನಲ್ಲಿ ಅವಳು, “ಏನೂ ಇಲ್ಲದೆ ಹೀಗೆ ಆಗುತ್ತಾ ಮಾವ?” ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಉತ್ತರ ದೊರೆತದ್ದು ನಮ್ಮ ತಾಲ್ಲೂಕಿನ ಹಿರಿಯ ವೈದ್ಯೆಯೊಬ್ಬರಲ್ಲಿ. ಅವರು ಯಂತ್ರದ ಬಳಿಗೆ ಹೋಗುವ ಮೊದಲು ಕೆಳ ರೆಪ್ಪೆಯನ್ನು ಎಳೆದು ನೋಡಿದರು. ಮಲಗಿಸಿ ನಾಡಿ ಎಣಿಸಿದರು, ನಿಲ್ಲಿಸಿ ಎಣಿಸಿದರು. ನನ್ನನ್ನು ಹೊರಗೆ ಕಳುಹಿಸಿ, ತಿಂಗಳ ಮುಟ್ಟು ಎಷ್ಟು ದಿನ ಇರುತ್ತದೆ, ಹಾಸ್ಟೆಲಿನಲ್ಲಿ ಏನು ಊಟ, ಹಸಿ ಅಕ್ಕಿ ತಿನ್ನಬೇಕೆನಿಸುತ್ತದೆಯೇ ಎಂದೆಲ್ಲ ಕೇಳಿದರಂತೆ. ಹಸಿ ಅಕ್ಕಿ! ಎರಡು ವರ್ಷದಿಂದ ಅವಳು ಡಬ್ಬಿಯಿಂದ ಅಕ್ಕಿ ತೆಗೆದು ಬಾಯಾಡಿಸುತ್ತಿದ್ದುದನ್ನು ನಾವೆಲ್ಲ ಕಂಡಿದ್ದೆವು. ನಿನ್ನ ಮದುವೆಯಲ್ಲಿ ಮಳೆ ಸುರಿಯುತ್ತದೆ ನೋಡು ಎಂದು ನಕ್ಕಿದ್ದೆವು. ರಕ್ತದಲ್ಲಿ ಕಬ್ಬಿಣದ ಅಂಶ ಬತ್ತಿದವರಲ್ಲಿ ಹಸಿ ಅಕ್ಕಿ, ಮಣ್ಣು, ಸೀಮೆಸುಣ್ಣಗಳ ಮೇಲೆ ಹೀಗೆ ಆಸೆ ಹುಟ್ಟುವುದುಂಟೆಂದು ಆ ದಿನ ತಿಳಿಯಿತು. ಹಿಮೋಗ್ಲೋಬಿನ್ 12 ಗ್ರಾಮಿಗೆ ಕಡಮೆಯಾಗಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಗರ್ಭಿಣಿಯರಲ್ಲದ ಸ್ತ್ರೀಯರಿಗೆ ಹೇಳುತ್ತದೆ. ಅವಳದು 7.4 ಇತ್ತು.

ಇದರ ಯುಕ್ತಿ ಸರಳವಾದುದು. ಪ್ರಾಣವಾಯುವನ್ನು ಹೊತ್ತು ತರುವುದು ರಕ್ತದ ಕೆಲಸ. ಕೊಡ ಅರ್ಧವೇ ತುಂಬುವುದಾದರೆ ನೀರು ಹೊರುವವಳು ಬಾವಿಗೆ ಎರಡು ಪಟ್ಟು ತಿರುಗಬೇಕಾಗುತ್ತದೆ. ಹೃದಯವೂ ಹಾಗೆಯೇ ಬೇಗ ಬೇಗ ಬಡಿದು ಕೊರತೆಯನ್ನು ತುಂಬಿಕೊಡುತ್ತದೆ. ಮೆಟ್ಟಿಲು ಹತ್ತುವಾಗ ಅದಕ್ಕೂ ಸಾಲದಾಗಿ ಏದುಸಿರು ಬರುತ್ತದೆ. ಹೃದಯದ ಚಿತ್ರ ತೆಗೆದು ನೋಡಿದರೆ ಅದು ನಿರ್ದೋಷಿಯಾಗಿಯೇ ಕಾಣುತ್ತದೆ. ದೋಷ ಕೊಡದಲ್ಲಿ, ಹೊರುವವಳಲ್ಲಿ ಅಲ್ಲ.

ಇದು ನಮ್ಮ ಮನೆಯೊಂದರ ಕಥೆಯಾಗಿದ್ದರೆ ಇಲ್ಲಿ ಬರೆಯುವ ಅಗತ್ಯವಿರಲಿಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಸ್ತ್ರೀಯರಲ್ಲಿ ರಕ್ತಹೀನತೆಯುಳ್ಳವರು ಭಾರತದಲ್ಲಿ ಶೇಕಡ 57, ಕರ್ನಾಟಕದಲ್ಲಿ ಶೇಕಡ 47.8. ಹಿಂದಿನ ಸಮೀಕ್ಷೆಗಿಂತ ಈ ಸಂಖ್ಯೆ ಇಳಿದಿರಲಿಲ್ಲ, ಏರಿತ್ತು. ಅನೀಮಿಯಾ ಮುಕ್ತ ಭಾರತವೆಂಬ ಕಾರ್ಯಕ್ರಮವು 2018ರಲ್ಲಿಯೇ ಆರಂಭವಾಗಿದೆ. ಇಷ್ಟು ಸಾಮಾನ್ಯವಾದ ಕಾರಣವೊಂದು ಕಣ್ಣೆದುರಿಗೇ ಇರುವ ನಾಡಿನಲ್ಲಿ, ಎದೆ ಬಡಿತವೆಂದೊಡನೆ ನಮ್ಮ ಯೋಚನೆ ಒಂದೋ ಹೃದಯಾಘಾತಕ್ಕೆ ಹಾರುತ್ತದೆ, ಇಲ್ಲವೇ ಹುಡುಗಾಟಿಕೆಯೆಂದು ಕೈಚೆಲ್ಲುತ್ತದೆ.

ಹಾಸನದ ಸಾವುಗಳ ವಿಷಯದಲ್ಲಿಯೂ ಆದದ್ದು ಬಹುಮಟ್ಟಿಗೆ ಇದೇ. ಜಯದೇವ ಸಂಸ್ಥೆಯ ನಿರ್ದೇಶಕರಾಗಿದ್ದ ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ಸರ್ಕಾರ ನೇಮಿಸಿದ ಸಮಿತಿಯು ಜುಲೈನಲ್ಲಿ ವರದಿ ಒಪ್ಪಿಸಿತು. ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಉಳಿದವುಗಳಿಗೆ ಬೇರೆ ಕಾರಣಗಳಿದ್ದವು. ಸಾವುಗಳು ಅಸಹಜವಾಗಿ ಏರಿದ್ದಕ್ಕೆ ಆಧಾರ ದೊರೆಯಲಿಲ್ಲ. ಕೋವಿಡ್ ಲಸಿಕೆಯೇ ಕಾರಣವೆಂಬ ವದಂತಿಗೂ ಬಲ ಸಿಗಲಿಲ್ಲ. ಇದಕ್ಕೂ ಮೊದಲೇ, 2023ರಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 18ರಿಂದ 45 ವರ್ಷದವರ ಕಾರಣ ತಿಳಿಯದ ಹಠಾತ್ ಸಾವುಗಳ ಅಧ್ಯಯನವೊಂದನ್ನು ಪ್ರಕಟಿಸಿತ್ತು. 729 ಮೃತರನ್ನು 2916 ಮಂದಿ ಇತರರೊಡನೆ ಹೋಲಿಸಿ ನೋಡಲಾಗಿ, ಎರಡು ಬಾರಿ ಲಸಿಕೆ ಪಡೆದವರಲ್ಲಿ ಅಪಾಯ ಕಡಮೆಯೇ ಇತ್ತು. ಹಿಂದೆ ಕೋವಿಡ್‌ಗಾಗಿ ಆಸ್ಪತ್ರೆ ಸೇರಿದ್ದು, ಮನೆತನದಲ್ಲಿ ಹಠಾತ್ ಸಾವು ಸಂಭವಿಸಿದ್ದು, ಸಾವಿಗೆ ಮುಂಚಿನ ಎರಡು ದಿನಗಳಲ್ಲಿ ಮಿತಿಮೀರಿದ ಮದ್ಯಪಾನ, ಮಾದಕ ಪದಾರ್ಥ, ಅತಿಶ್ರಮದ ವ್ಯಾಯಾಮ ಇವು ಅಪಾಯವನ್ನು ಹೆಚ್ಚಿಸಿದ್ದವು. ಈ ವಿವರಗಳು ವದಂತಿಯಷ್ಟು ವೇಗವಾಗಿ ಹಳ್ಳಿಗಳನ್ನು ತಲುಪಲಿಲ್ಲ. ಭಯಕ್ಕೆ ಬೇಕಾದುದು ಒಂದೇ ಕಾರಣ. ಶರೀರಕ್ಕಾದರೋ ಕಾರಣಗಳು ಹಲವು.

ಕಾರಣ ತಿಳಿಯಲಿಲ್ಲ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ಸಂಗತಿಗಳು ಬೆರೆತಿವೆಯೆಂದು ನನಗೆ ತೋರುತ್ತದೆ. ಮೊದಲನೆಯದು, ಯಾರೂ ಕೇಳಲಿಲ್ಲ ಎಂಬುದು. ನನ್ನ ಸೋದರಸೊಸೆಯದು ಈ ವರ್ಗ. ಥೈರಾಯ್ಡ್ ಗ್ರಂಥಿಯ ಅತಿಚಟುವಟಿಕೆಯೂ ಹೀಗೆಯೇ ಅಡಗಿರುತ್ತದೆ. ಬಾಲ್ಯದ ಗಂಟಲು ನೋವಿನಿಂದ ಹುಟ್ಟಿದ ರುಮ್ಯಾಟಿಕ್ ಜ್ವರವು ಹೃದಯದ ಕವಾಟವನ್ನು ಕೆಡಿಸಿ, ಎಷ್ಟೋ ವರ್ಷಗಳ ಮೇಲೆ ಏದುಸಿರಾಗಿ ಕಾಣಿಸಿಕೊಳ್ಳುವುದು ಬಡವರ ಮನೆಗಳಲ್ಲಿ ಇನ್ನೂ ಅಪರೂಪವಲ್ಲ.

ಎರಡನೆಯದು, ಪರೀಕ್ಷೆಯ ಹೊತ್ತಿಗೆ ಸಿಕ್ಕಲಿಲ್ಲ ಎಂಬುದು. ಸಾಧಾರಣವಾದ ಇ.ಸಿ.ಜಿ. ಹೃದಯವನ್ನು ಬರೆದುಕೊಳ್ಳುವುದು ಸುಮಾರು ಹತ್ತು ಸೆಕೆಂಡು ಮಾತ್ರ. ವಾರಕ್ಕೊಮ್ಮೆ ಐದು ನಿಮಿಷ ಬಂದು ಹೋಗುವ ತಾಳತಪ್ಪಿದ ಬಡಿತವು ಆ ಹತ್ತು ಸೆಕೆಂಡಿನಲ್ಲಿಯೇ ಬಂದು ನಿಲ್ಲಬೇಕೆಂಬ ನಿಯಮವಿಲ್ಲ. ದಿನವಿಡೀ ಬಡಿತವನ್ನು ದಾಖಲಿಸುವ, ಅಮೆರಿಕದ ನಾರ್ಮನ್ ಹೋಲ್ಟರನ ಹೆಸರಿನ ಯಂತ್ರ ಇರುವುದು ಇದಕ್ಕಾಗಿಯೇ.

ಮೂರನೆಯದು, ಶಾಸ್ತ್ರಕ್ಕೇ ಇನ್ನೂ ಪೂರ್ತಿ ತಿಳಿದಿಲ್ಲ ಎಂಬುದು. ಇದರ ಇತಿಹಾಸ ಗಮನಾರ್ಹವಾದುದು. ಅಮೆರಿಕದ ಅಂತರ್ಯುದ್ಧದಲ್ಲಿ ಏದುಸಿರು, ಎದೆ ಬಡಿತ, ಆಯಾಸಗಳಿಂದ ನರಳಿದ ಯೋಧರನ್ನು ಕಂಡ ಡಾಕ್ಟರ್ ಡಾ ಕಾಸ್ಟಾ 1871ರಲ್ಲಿ ಅವರ ವಿಷಯವಾಗಿ ಬರೆದು, ಅದನ್ನು ಕೆರಳಿದ ಹೃದಯವೆಂದು ಕರೆದನು. ಮೊದಲನೆಯ ಮಹಾಯುದ್ಧದಲ್ಲಿ ಇದೇ ನರಳಾಟವನ್ನು ಇಂಗ್ಲೆಂಡಿನ ಥಾಮಸ್ ಲೂಯಿಸ್ ಅಭ್ಯಸಿಸಿದನು. 1941ರಲ್ಲಿ ಪಾಲ್ ವುಡ್ ಇದು ಮನೋವ್ಯಾಧಿಯೆಂದು ತೀರ್ಮಾನಿಸಿದನು. 1993ರಲ್ಲಿಯಾದರೋ, ಎದ್ದು ನಿಂತ ಹತ್ತು ನಿಮಿಷಗಳೊಳಗೆ, ರಕ್ತದೊತ್ತಡ ಇಳಿಯದಿದ್ದರೂ, ನಾಡಿ ನಿಮಿಷಕ್ಕೆ ಮೂವತ್ತಕ್ಕೂ ಹೆಚ್ಚು ಏರುವವರ ಒಂದು ಗುಂಪನ್ನು ಗುರುತಿಸಿ ಹೊಸ ಹೆಸರಿಟ್ಟರು. ಪಾಟ್ಸ್ ಎಂದು ಅದರ ಸಂಕ್ಷೇಪ. ಇದು ಹೆಚ್ಚಾಗಿ ಹರೆಯದ ಸ್ತ್ರೀಯರಲ್ಲಿ ಕಾಣುವುದು. ಕೋವಿಡ್ ತರುವಾಯ ತಿಂಗಳುಗಟ್ಟಲೆ ಉಳಿದ ನರಳಾಟಕ್ಕೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಒಂದು ವ್ಯಾಖ್ಯೆಯನ್ನು ಕೊಟ್ಟಿತು. ಹಿಂದೆ ಮನಸ್ಸಿನದೆಂದು ತಳ್ಳಿಹಾಕಿಸಿಕೊಂಡವರಲ್ಲಿ ಎಷ್ಟು ಮಂದಿ ಮಲಗಿಸಿ, ನಿಲ್ಲಿಸಿ ನಾಡಿ ಎಣಿಸುವವರಿಗಾಗಿ ಕಾದಿದ್ದರೋ!

ಮನಸ್ಸಿನದು ಎಂಬುದೂ ಒಂದು ನಿಜವಾದ ಕಾರಣವೇ ಎಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ತೀವ್ರವಾದ ಕಳವಳದಲ್ಲಿ ಎದೆ ಬಡಿಯುವುದು ನಾಟಕವಲ್ಲ. ಉಸಿರು ಸಾಲದಂತಾಗುವುದು ಸುಳ್ಳಲ್ಲ. ಅದಕ್ಕೆ ಚಿಕಿತ್ಸೆಯಿದೆ, ಗುಣವೂ ಇದೆ. ಆದರೆ ಅದು ವಿಚಾರಿಸಿ ಮುಟ್ಟಬೇಕಾದ ನಿರ್ಣಯ. ವಿಚಾರಣೆಯನ್ನು ಮುಗಿಸಲು ಬಳಸುವ ನೆಪವಲ್ಲ. ಏನೂ ಇಲ್ಲ ಎನ್ನುವುದಕ್ಕೂ, ಈ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ, ಮುಂದೆ ನೋಡೋಣ ಎನ್ನುವುದಕ್ಕೂ ನಡುವೆ ರೋಗಿಯ ಪಾಲಿಗೆ ಬಹಳ ಅಂತರವಿದೆ.

ಹಾಸನದ ಘಟನೆಗಳ ಬಳಿಕ ಸರ್ಕಾರವು, ಆಸ್ಪತ್ರೆಯ ಹೊರಗೆ ಸಂಭವಿಸುವ ಹಠಾತ್ ಸಾವುಗಳನ್ನು ವರದಿಮಾಡುವುದು ಕಡ್ಡಾಯವೆಂದು ಪ್ರಕಟಿಸಿತು. ಇದು ಸ್ವಾಗತಾರ್ಹವಾದ ಕ್ರಮ. ಆದರೆ ಮರಣೋತ್ತರ ಪರೀಕ್ಷೆಯಿಂದ ನಾವು ಕಲಿಯುವುದೆಲ್ಲ ತಡವಾಗಿ ಕಲಿಯುವುದೇ. ಬದುಕಿರುವಾಗ ಬೇಕಾದುದು ದೊಡ್ಡ ಯಂತ್ರವಲ್ಲ. ಊರ ಸಮೀಪದ ಆರೋಗ್ಯ ಕೇಂದ್ರದಲ್ಲಿ ಕಾಲು ಗಂಟೆ ಬಿಡುವಿರುವ ವೈದ್ಯರು, ರಕ್ತಪರೀಕ್ಷೆ, ಒಂದು ಇ.ಸಿ.ಜಿ. ಇವಿಷ್ಟು ಇದ್ದರೆ ಬಹುಮಂದಿಯ ಪ್ರಶ್ನೆಗೆ ಉತ್ತರದ ದಾರಿಯಾದರೂ ಸಿಕ್ಕುತ್ತದೆ. ದೊಡ್ಡ ಆಸ್ಪತ್ರೆಯ ಸಾಲು ಕರಗಿದರೆ, ಅಲ್ಲಿಗೆ ನಿಜವಾಗಿ ತುರ್ತಾಗಿ ಹೋಗಬೇಕಾದವರಿಗೆ ಎಡೆಯಾಗುತ್ತದೆ. ಅಂಥವರು ಇದ್ದೇ ಇದ್ದಾರೆ: ಶ್ರಮಪಡುವಾಗ ಪ್ರಜ್ಞೆ ತಪ್ಪಿ ಬಿದ್ದವರು, ಎದೆ ಹಿಂಡಿದಂತೆ ನೋವಿರುವವರು, ಮಲಗಿದಾಗ ಉಸಿರು ಕಟ್ಟುವವರು, ಒಂದೇ ಕಾಲು ಊದಿಕೊಂಡು ಇದ್ದಕ್ಕಿದ್ದಂತೆ ಏದುಸಿರು ಬಂದವರು, ಮನೆತನದಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವನ್ನು ಕಂಡವರು. ಇವರು ಒಂದು ದಿನವೂ ತಡಮಾಡಬಾರದು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಬಿನ್ನಹ. ಕೊಠಡಿಗೆ ತಡವಾಗಿ, ಮೇಲುಸಿರು ಬಿಡುತ್ತ ಬಂದ ವಿದ್ಯಾರ್ಥಿನಿಯನ್ನು ನಾನು ಎಷ್ಟೋ ಬಾರಿ ಸೋಮಾರಿಯೆಂದು ಗದರಿಸಿದ್ದೇನೆ. ಈಗ ಅವರ ಬಿಳಿಚಿದ ಮುಖಗಳು ನೆನಪಿಗೆ ಬರುತ್ತವೆ. ಆ ದಿನಗಳು ಮರಳಿ ಬಾರವು. ಆದರೆ ನೀವು ಇನ್ನೂ ಕೇಳಬಲ್ಲಿರಿ.

ವೈದ್ಯೆ ಬರೆದುಕೊಟ್ಟ ಕಬ್ಬಿಣದ ಮಾತ್ರೆಗಳು ಅಗ್ಗದವು. ಕಾಫಿಯೊಡನೆ ನುಂಗಬಾರದು, ರಕ್ತ ಸರಿಹೋದ ಮೇಲೂ ಕೆಲವು ತಿಂಗಳು ನಿಲ್ಲಿಸಬಾರದು ಎಂದಿದ್ದರು. ಮುಟ್ಟಿನ ತೊಂದರೆಗೂ ಚಿಕಿತ್ಸೆ ನಡೆಯಿತು. ದೀಪಾವಳಿಯ ವೇಳೆಗೆ ಊರಿಗೆ ಬಂದ ಹುಡುಗಿ ನನ್ನನ್ನು ಶ್ರವಣಬೆಳಗೊಳಕ್ಕೆ ಕರೆದುಕೊಂಡು ಹೋದಳು. ಬೆಟ್ಟದ ಅರ್ಧ ದಾರಿಯಲ್ಲಿ ಕುಳಿತುಬಿಟ್ಟವನು ನಾನು. ಅವಳು ನಾಲ್ಕು ಮೆಟ್ಟಿಲು ಕೆಳಗಿಳಿದು ಬಂದು, “ಎದೆ ಬಡೀತಿದೆಯಾ ಮಾವ? ಯಾವಾಗಿನಿಂದ?” ಎಂದು ಕೇಳಿ, ಪಕ್ಕದಲ್ಲಿ ಕುಳಿತಳು.